ಕರೆಂಟ್ ಹೋದರೆ ಮಾಳಿಗೆ ಸೋಲಾರ್ ಯಾಕೆ ನಿಲ್ಲುತ್ತೆ? ರಾಜ್ಯಕ್ಕೆಲ್ಲ ಸೋಲಾರ್ ಆದರೆ ಲೈನ್ ತಡೆಯುತ್ತಾ?

ಬಿಸಿಲೂರಿನವ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೀವಿ. 78 ಸಾವಿರ ಸಬ್ಸಿಡಿ ಬಂತು, ಬಿಲ್ಲೂ ಇಳಿದಿದೆ. ಆದರೆ ಎರಡು ವಿಷಯ ತಲೆ ತಿನ್ತಾ ಇವೆ.

ಒಂದು, ಕರೆಂಟ್ ಹೋದ ಕೂಡಲೇ ಸೋಲಾರ್ ಕೂಡ ಬಂದ್. ಮೇಲೆ ಬಿಸಿಲು ಸುಡ್ತಾ ಇರುತ್ತೆ, ಕೆಳಗೆ ಫ್ಯಾನ್ ನಿಂತಿರುತ್ತೆ. ಇನ್ನೊಂದು, ಕರೆಂಟ್ ಇದ್ದಾಗಲೂ ಕೆಲವು ಸಲ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆ ಕರೆಂಟ್ ಮಾಡುವ ಪೆಟ್ಟಿಗೆ) ತಾನೇ ನಿಲ್ಲುತ್ತೆ. ಡಿಸ್‌ಪ್ಲೇ ಮೇಲೆ 'ಗ್ರಿಡ್ ಓವರ್ ವೋಲ್ಟೇಜ್' ಅಂತ ಬಂದು 254, 255 ತೋರಿಸುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಕಾಟ ಇರಲೇ ಇಲ್ಲ. ಡಿಸೆಂಬರ್‌ನಲ್ಲಿ ಶುರುವಾಯ್ತು. ಅದೂ ಬೆಳಿಗ್ಗೆ ಹನ್ನೊಂದರಿಂದ ಎರಡು ಗಂಟೆ ಒಳಗೆ, ಭಾನುವಾರ ಇನ್ನೂ ಜಾಸ್ತಿ. ಹಾಕಿಕೊಟ್ಟವರನ್ನು ಕೇಳಿದರೆ "ಸೆಟ್ಟಿಂಗ್ ಬದಲಿಸಿ 270ಕ್ಕೆ ಇಡ್ತೀವಿ, ಮತ್ತೆ ಟ್ರಿಪ್ಪೇ ಆಗಲ್ಲ" ಅಂತಾರೆ. ಮಾಡಿಸಬಹುದಾ?

ಇದರ ಜೊತೆ ಒಂದು ದೊಡ್ಡ ಪ್ರಶ್ನೆ. ಮೂರು ಕಿಲೋವ್ಯಾಟ್‌ಗೇ ಹೀಗಾದರೆ, ಸಾವಿರಾರು ಮೆಗಾವ್ಯಾಟ್ ಸೋಲಾರ್, ಗಾಳಿ ವಿದ್ಯುತ್ ಬಂದಾಗ ಇಡೀ ಗ್ರಿಡ್ (ಎಲ್ಲ ಲೈನು, ಸ್ಥಾವರ ಸೇರಿದ ಜಾಲ) ತಡೆಯುತ್ತಾ?

ಪವರ್‌ಮ್ಯಾನ್, ಆಳಂದ ಕಡೆ

270ಕ್ಕೆ ಮಾತ್ರ ಇಡಿಸಬೇಡಿ ಸರ್. ನಾನು ದಿನಾ ಕಂಬ ಹತ್ತುವವನು, ಅದಕ್ಕೇ ಎಲ್ಲರಿಗಿಂತ ಮೊದಲು ಬರೀತಿದ್ದೀನಿ.

ಲೈನ್ ಕೆಲಸ ಇದ್ದಾಗ ನಾವು ಎಲ್‌ಸಿ (ಲೈನ್ ಬಂದ್ ಆಗಿದೆ ಅನ್ನೋ ಅನುಮತಿ) ತಗೋತೀವಿ, ಜಿಒಎಸ್ (ಕಂಬದ ಮೇಲಿನ ಸ್ವಿಚ್) ಬಿಚ್ಚಿಸ್ತೀವಿ, ಅರ್ಥಿಂಗ್ ರಾಡ್ ಹಾಕಿ ಆಮೇಲೆ ಮೇಲೆ ಹತ್ತೋದು. ಸಪ್ಲೈ ಮೇಲಿನಿಂದ ಮಾತ್ರ ಬರುತ್ತೆ ಅನ್ನೋ ಲೆಕ್ಕದಲ್ಲೇ ಈ ಪದ್ಧತಿ ಬೆಳೆದು ಬಂದಿದೆ. ಆ ಹೊತ್ತಲ್ಲಿ ನಿಮ್ಮ ಮಾಳಿಗೆಯಿಂದ ಕರೆಂಟ್ ಲೈನಿಗೆ ಇಳಿದರೆ ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಉಲ್ಟಾ ಕೆಲಸ ಮಾಡುತ್ತೆ. ಈ ಕಡೆ 230 ಕೊಟ್ಟರೆ ಆ ಕಡೆ 11 ಸಾವಿರ ವೋಲ್ಟ್. ಕಂಬದ ಮೇಲಿರುವವನಿಗೆ ಅದು ಗೊತ್ತೇ ಆಗಲ್ಲ. ಅದಕ್ಕೆ ಲೈನ್ ಬಂದ್ ಆದ ಕೂಡಲೇ ಇನ್ವರ್ಟರ್ ನಿಲ್ಲಲೇಬೇಕು ಅಂತ ನಿಯಮ ಇರೋದು. ಜನರೇಟರ್ ಇಟ್ಟವರಿಗೆ ಚೇಂಜ್ ಓವರ್ ಸ್ವಿಚ್ ಹಾಕಿಸಿ ಅಂತ ನಾವು ಬೆನ್ನು ಬೀಳೋದೂ ಇದಕ್ಕೇ.

ಕರೆಂಟ್ ಹೋದಾಗಲೂ ಫ್ಯಾನ್ ತಿರುಗಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಿ. ಅದು ಮನೆಯನ್ನು ಲೈನಿನಿಂದ ಬಿಡಿಸಿಕೊಂಡು ಮನೆಗಷ್ಟೇ ಕೊಡುತ್ತೆ. ಖರ್ಚಿದೆ, ಆದರೆ ಸರಿಯಾದ ದಾರಿ ಅದು.

ಹಳೇ ಆಪರೇಟರ್, ಕಲಬುರಗಿ

ಪವರ್‌ಮ್ಯಾನ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ.

ನಿಮ್ಮ ಓಣಿಯ ಟಿಸಿ ಮೇಲಿನ ನೇಮ್ ಪ್ಲೇಟ್ ಓದಿ. 11000/433 ಅಂತ ಇರುತ್ತದೆ. 433 ಅನ್ನೋದು ಮೂರು ಫೇಸ್ ಲೆಕ್ಕ. ಒಂದು ಫೇಸ್‌ಗೆ ತಂದರೆ 250 ವೋಲ್ಟ್. ಅಂದರೆ ಲೋಡ್ ಇಲ್ಲದಾಗ ಟಿಸಿ ಹತ್ತಿರ 230 ಅಲ್ಲ, 250 ಇರುತ್ತದೆ. ಹಾಗೆ ಮಾಡಿದ್ದಕ್ಕೆ ಕಾರಣ ಇದೆ. ಲೈನ್ ಉದ್ದಕ್ಕೂ ವೋಲ್ಟೇಜ್ ಇಳೀತಾ ಹೋಗುತ್ತದೆ, ಕೊನೇ ಮನೆಗೂ ಸಾಕಷ್ಟು ಸಿಗಲಿ ಅಂತ ಶುರುವಲ್ಲೇ ಸ್ವಲ್ಪ ಏರಿಸಿ ಇಟ್ಟಿದ್ದಾರೆ. ಕರೆಂಟ್ ಒಂದೇ ದಿಕ್ಕಿಗೆ ಹರಿಯುವ ಕಾಲಕ್ಕೆ ಅದು ಸರಿಯಾಗೇ ಇತ್ತು.

ಈಗ ನಿಮ್ಮ ಇನ್ವರ್ಟರ್ ಲೆಕ್ಕ. 230ರ ಮೇಲೆ ಶೇ 10, ಅಂದರೆ 253 ವೋಲ್ಟ್ ದಾಟಿದರೆ 2 ಸೆಕೆಂಡಿನ ಒಳಗೆ ಅದು ಕಳಚಿಕೊಳ್ಳಬೇಕು. 250ಕ್ಕೂ 253ಕ್ಕೂ ನಡುವೆ ಉಳಿದದ್ದು ಬರೀ 3 ವೋಲ್ಟ್! ನೀವು 3 ಕಿಲೋವ್ಯಾಟ್ ಹೊರಗೆ ಕಳಿಸುವಾಗ ಸುಮಾರು 13 ಆಂಪ್ ಹರಿಯುತ್ತದೆ. ವೀಸಲ್ (ತೆಳು ಅಲ್ಯೂಮಿನಿಯಂ) ತಂತಿ ಇದ್ದು ಟಿಸಿ 200 ಮೀಟರ್ ದೂರ ಇದ್ದರೆ, ಹೋಗಿಬರುವ ಎರಡೂ ತಂತಿ ಸೇರಿ ನಿಮ್ಮ ಮನೆ ಹತ್ತಿರ ನಾಲ್ಕೈದು ವೋಲ್ಟ್ ಏರುತ್ತದೆ. ಅದೇ ಫೇಸ್‌ನಲ್ಲಿ ಇನ್ನೆರಡು ಮನೆಗೆ ಸೋಲಾರ್ ಇದ್ದರೆ ಮುಗೀತು.

ಚಳಿಗಾಲ ಯಾಕೆ ಅಂದಿರಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನ ಊರಿನ ಎಲ್ಲ ಕೂಲರ್, ಎಸಿ ಓಡ್ತಾ ಇರುತ್ತವೆ. ನಿಮ್ಮ ಕರೆಂಟ್ ಪಕ್ಕದ ಮನೆಯಲ್ಲೇ ಖರ್ಚಾಗಿ ಹೋಗುತ್ತದೆ. ಮೇಲಾಗಿ ಪ್ಯಾನೆಲ್ ಕಾದಷ್ಟೂ ಕಡಿಮೆ ಕೊಡುತ್ತದೆ. 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ 0.35ರಿಂದ 0.4 ಇಳಿಕೆ. ನಮ್ಮ ಬೇಸಿಗೆಗೆ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಶೇ 15ರ ಹತ್ತಿರ ಅಲ್ಲೇ ಹೋಯ್ತು. ಡಿಸೆಂಬರ್‌ನಲ್ಲಿ ಆಕಾಶ ತಿಳಿ, ಪ್ಯಾನೆಲ್ ತಂಪು, ಓಣಿಯಲ್ಲಿ ಒಂದು ಫ್ಯಾನೂ ಓಡಲ್ಲ. ಭಾನುವಾರ ಬೇರೆ. ಕರೆಂಟ್ ಎಲ್ಲಿಗೆ ಹೋಗಬೇಕು ಹೇಳಿ?

270ಕ್ಕೆ ಇಟ್ಟರೆ ನಿಮ್ಮ ಇನ್ವರ್ಟರ್ ಓಡುತ್ತದೆ. ಆದರೆ ಪಕ್ಕದ ಮನೆ ಟಿವಿ, ಫ್ರಿಜ್ಜು, ಎಲ್‌ಇಡಿ ಬಲ್ಬು 265ರಲ್ಲಿ ದಿನಾ ಬೇಯುತ್ತವೆ. ದಯವಿಟ್ಟು ಬೇಡ.

ಬಿಸಿಲೂರಿನವ, ಕಲಬುರಗಿ

ಸರ್, ಈಗ ಹೊರಗೆ ಹೋಗಿ ನೋಡಿ ಬಂದೆ. 11000/433 ಅಂತಲೇ ಇದೆ. ಹಾಗಾದರೆ ಪರಿಹಾರ ಏನು? ಟಿಸಿಯಲ್ಲೇ ವೋಲ್ಟೇಜ್ ಇಳಿಸಬಹುದಲ್ವಾ?

ಹಳೇ ಆಪರೇಟರ್, ಕಲಬುರಗಿ

ಊರೊಳಗಿನ ದೊಡ್ಡ ಟಿಸಿಗಳಿಗೆ ಟ್ಯಾಪ್ ಸ್ವಿಚ್ ಇರುತ್ತದೆ, ಸಪ್ಲೈ ಬಂದ್ ಮಾಡಿ ಕೈಯಿಂದ ತಿರುಗಿಸಬೇಕು. 63, 100 ಕೆವಿಎ ಸಣ್ಣವಕ್ಕೆ ಸಾಮಾನ್ಯವಾಗಿ ಇರಲ್ಲ. ಇದ್ದರೂ ಒಂದು ತೊಡಕು. ಚಳಿಗಾಲದ ಮಧ್ಯಾಹ್ನಕ್ಕೆ ಅಂತ ಇಳಿಸಿದರೆ ಮೇ ತಿಂಗಳ ರಾತ್ರಿ ಹತ್ತಕ್ಕೆ ಕೊನೇ ಮನೆಯವರ ಫ್ಯಾನ್ ತಿರುಗಲ್ಲ. ಲೋ ವೋಲ್ಟೇಜ್ ಅಂತ ಅವರು ಬಂದು ನಿಲ್ತಾರೆ, ಅದೂ ನ್ಯಾಯವೇ.

ಹಾಗಾಗಿ ಮೊದಲು ಸುಲಭದ್ದು ನೋಡಿ. ನಿಮ್ಮ ಓಣಿಯ ಸೋಲಾರ್ ಮನೆಗಳೆಲ್ಲ ಒಂದೇ ಫೇಸ್ ಮೇಲೆ ಇದ್ದಾವಾ? ಇದ್ದರೆ ಮೂರೂ ಫೇಸ್‌ಗೆ ಹಂಚಿದರೇ ಅರ್ಧ ಕಾಟ ಕಡಿಮೆ. ಆಮೇಲೆ ದಪ್ಪ ಕೇಬಲ್. ಇನ್ವರ್ಟರ್‌ಗೇ ವೋಲ್ಟೇಜ್ ಏರಿದಾಗ ರಿಯಾಕ್ಟಿವ್ ಪವರ್ (ಕೆಲಸಕ್ಕೆ ಬಾರದ, ಆದರೆ ವೋಲ್ಟೇಜ್ ಏರಿಳಿಸುವ ಪವರ್) ಹೀರಿಕೊಳ್ಳುವ ಸೆಟ್ಟಿಂಗ್ ಇರುತ್ತದೆ, ಅದರಿಂದಲೂ ಸ್ವಲ್ಪ ಸಹಾಯ ಆಗುತ್ತದೆ. ಆದರೆ ಅದನ್ನು ವಿದ್ಯುತ್ ಕಂಪನಿಗೆ ತಿಳಿಸಿಯೇ ಮಾಡಬೇಕು.

ನೇರಮಾತು, ಸೇಡಂ

ಎಲ್ಲರೂ ಸೋಲಾರ್ ಪರವಾಗಿಯೇ ಬರೀತಿದ್ದೀರಿ. ನಾನು ಸಿಮೆಂಟ್ ಫ್ಯಾಕ್ಟರಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೀನಿ. ನಮಗೆ ಅರ್ಧ ಸೆಕೆಂಡ್ ವೋಲ್ಟೇಜ್ ಕುಸಿದರೂ ಮೋಟಾರ್ ಓಡಿಸುವ ಡ್ರೈವ್‌ಗಳು ಟ್ರಿಪ್. ಕಿಲ್ನ್ (ಸಿಮೆಂಟ್ ಸುಡುವ, ತಿರುಗುವ ಕುಲುಮೆ) ಒಳಗೆ 1400 ಡಿಗ್ರಿಗೂ ಮೇಲೆ ಬೆಂಕಿ ಇರುತ್ತದೆ, ನಿಂತಲ್ಲೇ ನಿಂತರೆ ಅದರ ಉಕ್ಕಿನ ಮೈ ಬಾಗುತ್ತದೆ. ಡೀಸೆಲ್ ಇಂಜಿನ್ ಹಚ್ಚಿ ನಿಧಾನಕ್ಕೆ ತಿರುಗಿಸ್ತಾ ಇರಬೇಕು. ಮತ್ತೆ ಹದಕ್ಕೆ ತರೋಕೆ ಗಂಟೆಗಟ್ಟಲೆ ಹೋಗುತ್ತದೆ. ಹೀಗಿರುವಾಗ ಮೋಡ ಬಂದರೆ ಇಳಿಯುವ, ಸಂಜೆ ಆರಕ್ಕೆ ಮಲಗುವ ಕರೆಂಟ್ ನಂಬಿ ಕೂರೋಕಾಗುತ್ತಾ? ರಾಯಚೂರು, ಕೂಡಗಿಯ ಕಲ್ಲಿದ್ದಲು ಸ್ಥಾವರ ಇಲ್ಲದೇ ಇದ್ದರೆ ನಮ್ಮ ಭಾಗದಲ್ಲಿ ಒಂದು ಮಿಲ್ಲೂ ಓಡಲ್ಲ.

ಭತ್ತದ ಗದ್ದೆ, ಶಹಾಪುರ

ಅಣ್ಣಾ, ನಿಮ್ಮ ಕಷ್ಟ ಒಪ್ತೀನಿ. ನಮ್ಮದೂ ಕೇಳಿ. ಮೊದಲು ತ್ರೀ ಫೇಸ್ ರಾತ್ರಿ ಒಂದು ಗಂಟೆಗೆ ಬಿಡ್ತಿದ್ದರು. ಕತ್ತಲಲ್ಲಿ ಬದುವಿನ ಮೇಲೆ ಹಾವು, ಒದ್ದೆ ಕೈಯಲ್ಲಿ ಸ್ಟಾರ್ಟರ್. ನಮ್ಮ ಕಡೆ ಎಷ್ಟು ಮನೆ ಅದರಿಂದ ಹಾಳಾಗಿವೆ ಅಂತ ಎಲ್ಲರಿಗೂ ಗೊತ್ತು. ಸೋಲಾರ್ ಬಂದ ಮೇಲೆ ಹಗಲು ಹೊತ್ತು ತ್ರೀ ಫೇಸ್ ಸಿಗೋಕೆ ಶುರುವಾಯ್ತು. ನಮಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಸೋಲಾರ್ ಬೇಡ ಅನ್ನೋ ಮಾತು ಮಾತ್ರ ಆಡಬೇಡಿ.

ಒಂದು ಅನುಮಾನ ಇದೆ. ತ್ರೀ ಫೇಸ್ ಬಂದ ತಕ್ಷಣ ಮೊದಲ ಎರಡು ನಿಮಿಷ ಮೋಟಾರ್ ಗುಂಯ್ ಅಂತ ಅಳುತ್ತೆ, ವೋಲ್ಟೇಜ್ ಸಿಗಲ್ಲ. ಆಮೇಲೆ ಸರಿ ಹೋಗುತ್ತೆ. ಅದ್ಯಾಕೆ?

ಪವರ್‌ಮ್ಯಾನ್, ಆಳಂದ ಕಡೆ

ಆಟೋ ಸ್ಟಾರ್ಟರ್! ಒಂದು ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನ್) ಮೇಲಿನ ಎಲ್ಲಾ ಪಂಪ್‌ಸೆಟ್ ಒಂದೇ ಕ್ಷಣಕ್ಕೆ ಎದ್ದು ಕೂರುತ್ತವೆ. ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಫೀಡರ್ ಟ್ರಿಪ್ ಆಗುತ್ತೆ, ನಾವು ಮತ್ತೆ ಹಾಕ್ತೀವಿ, ಮತ್ತೆ ಎಲ್ಲ ಒಟ್ಟಿಗೇ ಏಳುತ್ತವೆ. ಸ್ಟಾರ್ಟರ್‌ನಲ್ಲಿ ಟೈಮರ್ ಇದ್ದರೆ ಒಬ್ಬೊಬ್ಬರು ಬೇರೆ ಬೇರೆ ನಿಮಿಷಕ್ಕೆ ಇಟ್ಟುಕೊಳ್ಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಹಳೇ ಆಪರೇಟರ್, ಕಲಬುರಗಿ

ನೇರಮಾತು ಅವರ ಪ್ರಶ್ನೆಗೆ ಸ್ವಲ್ಪ ಉದ್ದ ಬರೀತೀನಿ, ಈ ಚರ್ಚೆಯ ತಿರುಳು ಅಲ್ಲಿದೆ.

ಗ್ರಿಡ್‌ನಲ್ಲಿ ಎರಡು ನಾಡಿ ಇವೆ. ಒಂದು ಫ್ರೀಕ್ವೆನ್ಸಿ. ದೇಶಕ್ಕೆಲ್ಲ ಒಂದೇ, ಬೀದರ್‌ನಲ್ಲಿ ಅಳೆದರೂ ಗುವಾಹಟಿಯಲ್ಲಿ ಅಳೆದರೂ 50 ಹರ್ಟ್ಸ್ ಸುತ್ತಮುತ್ತ. 49.90ರಿಂದ 50.05ರ ಒಳಗೆ ಇರಬೇಕು ಅಂತ ಗ್ರಿಡ್ ಕೋಡ್ ಹೇಳುತ್ತದೆ. ಇನ್ನೊಂದು ವೋಲ್ಟೇಜ್. ಅದು ಆಯಾ ಜಾಗದ್ದು. ಸೇಡಂನಲ್ಲಿ ಕುಸಿದಿದ್ದನ್ನು ಶರಾವತಿಯಿಂದ ಸರಿ ಮಾಡೋಕಾಗಲ್ಲ, ಹತ್ತಿರದಲ್ಲೇ ಯಾರಾದರೂ ಹಿಡಿಯಬೇಕು.

ರಾಯಚೂರಿನ ಶಕ್ತಿನಗರದಲ್ಲಿ ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಹಳೇ ಡೀಸೆಲ್ ಇಂಜಿನ್ ಪಂಪಿಗೆ ಪಕ್ಕದಲ್ಲಿ ದೊಡ್ಡ ಕಬ್ಬಿಣದ ಚಕ್ರ ಇರ್ತಿತ್ತಲ್ಲ, ಇಂಜಿನ್ ಒಂದು ಉಸಿರು ತಪ್ಪಿದರೂ ಆ ಚಕ್ರದ ಭಾರವೇ ಪಂಪನ್ನು ಎಳೆದುಕೊಂಡು ಹೋಗ್ತಿತ್ತು. ಇಲ್ಲೂ ಅದೇ. ಕೂಡಗಿಯ ಒಂದು 800 ಮೆಗಾವ್ಯಾಟ್ ಯುನಿಟ್ ತಟ್ಟನೆ ಟ್ರಿಪ್ ಆದರೆ, ದೇಶದ ಉಳಿದೆಲ್ಲ ರೋಟರ್‌ಗಳ ಭಾರ ಮೊದಲ ಕೆಲವು ಸೆಕೆಂಡ್ ಹಿಡಿದುಕೊಳ್ಳುತ್ತದೆ. ಆಮೇಲೆ ಗವರ್ನರ್‌ಗಳು (ಟರ್ಬೈನ್ ವೇಗ ಹಿಡಿಯುವ ಸಾಧನ) ಉಗಿ, ನೀರು ಜಾಸ್ತಿ ಬಿಡುತ್ತವೆ. ಅದಾದ ಮೇಲೆ ದೆಹಲಿಯ ರಾಷ್ಟ್ರೀಯ ಕೇಂದ್ರದಿಂದ 4 ಸೆಕೆಂಡಿಗೊಮ್ಮೆ ಸ್ಥಾವರಗಳಿಗೆ ಏರಿಸು, ಇಳಿಸು ಅಂತ ಸಂಕೇತ ಹೋಗುತ್ತದೆ. ಎಲ್ಲವೂ ಸೋತು 49.4ಕ್ಕೆ ಬಿದ್ದರೆ ರಿಲೇಗಳು (ಕಾವಲು ಸ್ವಿಚ್‌ಗಳು) ತಾವೇ ಫೀಡರ್ ಕಡಿಯೋಕೆ ಶುರು ಮಾಡುತ್ತವೆ.

ಸೋಲಾರ್ ಪ್ಯಾನೆಲ್‌ನಲ್ಲಿ ತಿರುಗುವ ಭಾರ ಇಲ್ಲ. ಈಗಿನ ಬಹುಪಾಲು ಇನ್ವರ್ಟರ್‌ಗಳು ಗ್ರಿಡ್ ತೋರಿಸಿದ ದಾರಿಯಲ್ಲಿ ನಡೆಯುವಂಥವು, ತಾವೇ ಮುಂದೆ ನಿಂತು ವೋಲ್ಟೇಜ್ ಕಟ್ಟುವಂಥವಲ್ಲ. ನಿಮ್ಮ ಭಯಕ್ಕೆ ನಿಜವಾದ ಬುಡ ಇದು. ಮೋಡ ಅಲ್ಲ. ಪಾವಗಡದ 2050 ಮೆಗಾವ್ಯಾಟ್ ಪಾರ್ಕ್ ಹದಿಮೂರು ಸಾವಿರ ಎಕರೆ ಹರಡಿಕೊಂಡಿದೆ. ಮೋಡ ಅದನ್ನು ದಾಟೋಕೆ ನಿಮಿಷಗಳು ಬೇಕು. ದಿನವನ್ನು 15 ನಿಮಿಷದ 96 ತುಂಡು ಮಾಡಿ ಪ್ರತಿ ತುಂಡಿಗೂ ಎಷ್ಟು ಬರುತ್ತದೆ ಅಂತ ಮುಂಚೆಯೇ ಹೇಳುವ ವ್ಯವಸ್ಥೆಯೂ ಇದೆ. ಸೂರ್ಯ ಮುಳುಗೋದು ಎಲ್ಲರಿಗೂ ಗೊತ್ತಿರುವ ಹೊತ್ತಿಗೇ. ಕಲ್ಲಿದ್ದಲ ಯುನಿಟ್ ಮಾತ್ರ ಬಾಯ್ಲರ್ ಟ್ಯೂಬ್ ಸೀಳಿದರೆ ಹೇಳದೇ ಕೇಳದೇ ಹೋಗುತ್ತದೆ.

ಎಲೆಕ್ಟ್ರಿಕಲ್ ಹುಡುಗ, ಬೀದರ್

ಸರ್, ಹಾಗಾದರೆ ಸ್ಪೇನ್‌ನಲ್ಲಿ ಆಗಿದ್ದು? 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದವು. ಸೋಲಾರ್ ಜಾಸ್ತಿ ಆಗಿ ಇನರ್ಷಿಯಾ (ನೀವು ಹೇಳಿದ ತಿರುಗುವ ಭಾರ) ಕಡಿಮೆ ಆಯ್ತು, ಅದಕ್ಕೇ ಅಂತ ನಮ್ಮ ಕಾಲೇಜಲ್ಲಿ ಎಲ್ಲರೂ ಹೇಳ್ತಾರೆ.

ಹಳೇ ಆಪರೇಟರ್, ಕಲಬುರಗಿ

ಒಳ್ಳೇ ಪ್ರಶ್ನೆ ತಮ್ಮಾ. ತನಿಖೆಯಲ್ಲಿ ಹೊರಬಂದಿದ್ದು ಬೇರೆ. ಅಲ್ಲಿ ಆಗಿದ್ದು ವೋಲ್ಟೇಜ್ ಏರಿಕೆ. ವೋಲ್ಟೇಜ್ ಮಿತಿ ದಾಟಿದ್ದಕ್ಕೆ ಒಂದು ಸ್ಥಾವರ ಕಳಚಿಕೊಂಡಿತು, ಅದರಿಂದ ವೋಲ್ಟೇಜ್ ಇನ್ನೂ ಏರಿ ಮತ್ತೊಂದು, ಹೀಗೆ ಸೆಕೆಂಡುಗಳಲ್ಲಿ ಸಾಲುಸಾಲಾಗಿ ಹೋದವು. ವೋಲ್ಟೇಜ್ ಹಿಡಿಯಬೇಕಿದ್ದ ದೊಡ್ಡ ಸ್ಥಾವರಗಳು ಬೇಕಾದಷ್ಟು ಹಿಡಿಯಲಿಲ್ಲ. ಅನೇಕ ಸೋಲಾರ್, ಗಾಳಿ ಸ್ಥಾವರಗಳಿಗೆ ಹಿಡಿಯುವ ಕೆಲಸವನ್ನು ಯಾರೂ ಕೊಟ್ಟೇ ಇರಲಿಲ್ಲ.

ಬಿಸಿಲೂರಿನವರ ಮಾಳಿಗೆ ಮೇಲೆ 255ಕ್ಕೆ ಆಗ್ತಾ ಇರೋದೂ ಅದೇ ಜಾತಿಯ ಕಾಯಿಲೆ ನೋಡಿ. ಅಲ್ಲಿ 400 ಕಿಲೋವೋಲ್ಟ್ ಲೈನಿನಲ್ಲಿ ಆಯ್ತು. ನಮ್ಮ ದೇಶದಲ್ಲೂ ರಾಜಸ್ಥಾನದಲ್ಲಿ 2022ರಿಂದೀಚೆಗೆ ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು ಸೋಲಾರ್ ಒಂದೇ ಏಟಿಗೆ ಕಳಚಿಕೊಂಡ ಘಟನೆಗಳಿವೆ. ಬಿಸಿಲು ಚೆನ್ನಾಗೇ ಇತ್ತು. ವೋಲ್ಟೇಜ್ ಏರುಪೇರನ್ನು ಸಹಿಸಿಕೊಂಡು ನಿಲ್ಲುವ ಶಕ್ತಿ ಇರಲಿಲ್ಲ, ಅಷ್ಟೇ.

ದಕ್ಷಿಣ ಆಸ್ಟ್ರೇಲಿಯಾದ ಕತೆ ನಿಮ್ಮ ಕಾಲೇಜಿನವರು ಓದಬೇಕು. 2016ರ ಸೆಪ್ಟೆಂಬರ್ 28ಕ್ಕೆ ಬಿರುಗಾಳಿಗೆ ಟವರ್‌ಗಳು ಬಿದ್ದವು. ಗಾಳಿ ಸ್ಥಾವರಗಳ ಒಳಗಿನ ಒಂದು ಸೆಟ್ಟಿಂಗ್ ಸಾಲಾಗಿ ಬಂದ ಹಲವು ವೋಲ್ಟೇಜ್ ಕುಸಿತ ತಡೆಯುವಂತಿರಲಿಲ್ಲ, ಇಡೀ ರಾಜ್ಯ ಕತ್ತಲಾಯ್ತು. ಅವರು ಗಾಳಿ ವಿದ್ಯುತ್ ಬಿಡಲಿಲ್ಲ. ಸೆಟ್ಟಿಂಗ್ ಸರಿ ಮಾಡಿದರು. 2017ರಲ್ಲಿ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಹಾಕಿದರು. ಆಮೇಲೆ ನಾಲ್ಕು ಸಿಂಕ್ರೋನಸ್ ಕಂಡೆನ್ಸರ್ ತಂದರು. ಕಂಡೆನ್ಸರ್ ಅಂದರೆ ಉಗಿ ಇಲ್ಲದೇ ಸುಮ್ನೆ ತಿರುಗುವ ಜನರೇಟರ್. ಕರೆಂಟ್ ಮಾಡಲ್ಲ, ವೋಲ್ಟೇಜ್ ಹಿಡಿಯುತ್ತದೆ, ಭಾರವನ್ನೂ ಕೊಡುತ್ತದೆ.

ಕಬ್ಬಿನೂರು, ಭಾಲ್ಕಿ

ತಿರುಗುವ ಭಾರ ಅಂದಾಗ ನೆನಪಾಯ್ತು. ನಮ್ಮ ಬೀದರ್ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಲ್ಲಿ ಸಿಪ್ಪೆ ಸುಟ್ಟು ಕರೆಂಟ್ ಮಾಡ್ತಾರಲ್ಲ, ಅದೂ ಟರ್ಬೈನ್ ಅಲ್ವಾ? ಅದು ಲೆಕ್ಕಕ್ಕೆ ಬರುತ್ತಾ?

ಹಳೇ ಆಪರೇಟರ್, ಕಲಬುರಗಿ

ಖಂಡಿತ ಬರುತ್ತದೆ. ಸಣ್ಣದಾದರೂ ಲೋಡ್ ಇರುವ ಜಾಗದಲ್ಲೇ ಇದೆ, ವೋಲ್ಟೇಜ್‌ಗೆ ಅದೇ ಮುಖ್ಯ. ಕಬ್ಬು ನುರಿಸುವ ಕಾಲ ಸುಮಾರು ನವೆಂಬರ್‌ನಿಂದ ಮಾರ್ಚ್. ಚಳಿಗಾಲದ ಮಧ್ಯಾಹ್ನ ವೋಲ್ಟೇಜ್ ಏರುವ ತಿಂಗಳುಗಳೂ ಅವೇ. ಆ ಜನರೇಟರ್‌ಗಳಿಗೆ 'ಹೆಚ್ಚು ಯೂನಿಟ್ ಬೇಡ, ವೋಲ್ಟೇಜ್ ಹಿಡಿಯಿರಿ, ಅದಕ್ಕೆ ದುಡ್ಡು ಕೊಡ್ತೀವಿ' ಅಂತ ಕೇಳಬಹುದು.

ಶಕ್ತಿನಗರದ ಮೊದಲ ಯುನಿಟ್ 1985ರದ್ದು. ಹಳೇ ಯುನಿಟ್‌ಗಳನ್ನು ಮುಚ್ಚುವ ದಿನ ಬಂದಾಗ ಗುಜರಿಗೆ ಹಾಕಬೇಡಿ ಅಂತ ನನ್ನ ಮನವಿ. ಬಾಯ್ಲರ್ ಹೋಗಲಿ, ಬೂದಿ ಹೋಗಲಿ. ಜನರೇಟರ್ ಇಟ್ಟುಕೊಂಡು ಕಂಡೆನ್ಸರ್ ಮಾಡಿ. ಜರ್ಮನಿಯವರು ಬಿಬ್ಲಿಸ್‌ನಲ್ಲಿ ಮುಚ್ಚಿದ ಅಣು ಸ್ಥಾವರದ ಜನರೇಟರನ್ನು 2012ರಲ್ಲಿ ಹೀಗೇ ಬಳಸಿಕೊಂಡರು. ನಮಗೆ ಯಾಕಾಗಲ್ಲ?

ನೇರಮಾತು, ಸೇಡಂ

ಇದು ನನಗೆ ಒಪ್ಪಿಗೆ. ಆದರೆ ಇವೆಲ್ಲ ಮಾಡೋವರೆಗೆ ಕಲ್ಲಿದ್ದಲು ಇರಲೇಬೇಕು ಅಂತೀನಿ.

ಹಳೇ ಆಪರೇಟರ್, ಕಲಬುರಗಿ

ಇರಬೇಕು, ಅದರಲ್ಲಿ ಜಗಳ ಇಲ್ಲ. ಆದರೆ ಅದು ಓಡುವ ರೀತಿ ಬದಲಾಗಬೇಕು. ಮಧ್ಯಾಹ್ನ ತಗ್ಗಿ, ಸಂಜೆ ಏಳುವ ಅಭ್ಯಾಸ ಬೇಕು. ಪೂರ್ತಿ ಸಾಮರ್ಥ್ಯದ ಶೇ 55ಕ್ಕೆ ಇಳಿಸೋದು ಈಗಿನ ನಿಯಮ, 40ಕ್ಕೆ ಇಳಿಸುವ ಪ್ರಯತ್ನ ನಡೀತಾ ಇದೆ. ಹಳೇ ಬಾಯ್ಲರ್‌ಗೆ ಅದು ಕಷ್ಟವೇ.

ನೀರು ಮಾತ್ರ ಈ ಕೆಲಸಕ್ಕೆ ರಾಜ. 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ 9 ನಿಮಿಷ ದೀಪ ಆರಿಸಿದ್ದು ನೆನಪಿದೆಯಾ? ಹನ್ನೆರಡು ಹದಿನಾಲ್ಕು ಸಾವಿರ ಮೆಗಾವ್ಯಾಟ್ ಇಳಿಯುತ್ತದೆ ಅಂತ ಅಂದಾಜು ಮಾಡಿದ್ದರು, ಇಳಿದದ್ದು 31 ಸಾವಿರ! ಜಲವಿದ್ಯುತ್ ಸ್ಥಾವರಗಳು ಅದರ ಅರ್ಧಕ್ಕೂ ಜಾಸ್ತಿ ಭಾರ ಹೊತ್ತು ಇಳಿದು ಏರಿದವು. ಫ್ರೀಕ್ವೆನ್ಸಿ 49.7ರಿಂದ 50.26ರ ಒಳಗೇ ಉಳೀತು. ಆ ಕಂಟ್ರೋಲ್ ರೂಮ್‌ಗಳಲ್ಲಿ ಕೂತಿದ್ದವರಿಗೆ ನನ್ನ ಕೈ ಈಗಲೂ ಮುಗಿಯುತ್ತದೆ.

ಮಧ್ಯಾಹ್ನದ ಸೋಲಾರ್‌ನಿಂದ ನೀರು ಮೇಲೆತ್ತಿ ಸಂಜೆ ಇಳಿಸೋದೂ ಹೊಸದಲ್ಲ. ನಮ್ಮ ಕೃಷ್ಣೆ ಕೆಳಗೆ ಹೋಗಿ ಸೇರುವ ಶ್ರೀಶೈಲದ ಎಡದಂಡೆಯಲ್ಲಿ 900 ಮೆಗಾವ್ಯಾಟ್‌ನ ಅಂಥ ಯಂತ್ರಗಳಿವೆ. ಶರಾವತಿಯ 2000 ಮೆಗಾವ್ಯಾಟ್ ಪ್ರಸ್ತಾಪಕ್ಕೆ ಮಾತ್ರ ನನ್ನ ಮನಸ್ಸು ಒಪ್ಪಲ್ಲ, ಆ ಕಾಡು ಮತ್ತೆ ಬರಲ್ಲ. ನಮ್ಮ ಬಯಲು ಸೀಮೆಗೆ ಸಬ್‌ಸ್ಟೇಷನ್ ಪಕ್ಕದಲ್ಲೇ ಬ್ಯಾಟರಿ ಇಡೋದು ಒಳ್ಳೇದು.

ದಾಲ್‌ಮಿಲ್ ಅಕ್ಕ, ಕಲಬುರಗಿ

ಎಲ್ಲ ಓದಿದೆ. ಕೊನೆಗೆ ದುಡ್ಡು ಯಾರು ಕೊಡೋದು ಅಂತ ಯಾರೂ ಹೇಳಲಿಲ್ಲ. ಬ್ಯಾಟರಿ, ಕಂಡೆನ್ಸರ್, ದಪ್ಪ ಕೇಬಲ್ ಎಲ್ಲ ನಮ್ಮಂಥ ಸಣ್ಣ ಮಿಲ್ಲಿನವರ ಬಿಲ್ಲಿಗೇ ಬಂದರೆ ತೊಗರಿ ಬೇಳೆ ಕೆಜಿಗೆ ಇನ್ನೆಷ್ಟು ಮಾಡಬೇಕು ನಾವು?

ಹಳೇ ಆಪರೇಟರ್, ಕಲಬುರಗಿ

ಅಕ್ಕಾ, ಈ ಮಾತಿಗೇ ನಾನು ಬರಬೇಕಿತ್ತು. ಟರ್ಬೈನ್‌ಗಳು ಇಷ್ಟು ವರ್ಷ ಎರಡು ಕೆಲಸ ಮಾಡಿದವು. ಕರೆಂಟ್ ಕೊಟ್ಟವು, ಜೊತೆಗೆ ಗ್ರಿಡ್ಡನ್ನು ಹಿಡಿದು ನಿಂತವು. ನಾವು ಯೂನಿಟ್ ಲೆಕ್ಕದಲ್ಲಿ ಮೊದಲನೆಯದಕ್ಕೆ ದುಡ್ಡು ಕೊಟ್ಟೆವು, ಎರಡನೆಯದು ಜೊತೆಯಲ್ಲೇ ಬಂತು. ಈಗ ಸೋಲಾರ್ ಟೆಂಡರ್ ಕರೆಯುವಾಗ ಯೂನಿಟ್‌ಗೆ ಯಾರು ಕಡಿಮೆ ಅಂತ ಅಷ್ಟೇ ನೋಡಿದರೆ, ಹಿಡಿಯುವ ಕೆಲಸದ ಖರ್ಚು ಬೇರೆ ಯಾರದೋ ತಲೆಗೆ ಹೋಗುತ್ತದೆ. ಅದು ತಪ್ಪು. ಪಾರ್ಕ್ ಕಟ್ಟುವವರೇ ವೋಲ್ಟೇಜ್ ಹಿಡಿಯುವ ಇನ್ವರ್ಟರ್, ಒಂದಿಷ್ಟು ಬ್ಯಾಟರಿ ಸೇರಿಸಿ ದರ ಹೇಳಲಿ. ಸಂಜೆ ಕೊಡುವ ಯೂನಿಟ್‌ಗೆ ಜಾಸ್ತಿ, ಮಧ್ಯಾಹ್ನದ್ದಕ್ಕೆ ಕಡಿಮೆ ಸಿಗಲಿ.

ನಿಮಗೆ ಇದರಲ್ಲಿ ಲಾಭವೂ ಇದೆ. 2023ರ ಕೇಂದ್ರದ ನಿಯಮ ನೋಡಿ. ಸ್ಮಾರ್ಟ್ ಮೀಟರ್ ಬಂದ ಮೇಲೆ ಹಗಲಿನ ಸೋಲಾರ್ ಹೊತ್ತಿಗೆ ಮಾಮೂಲಿ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ, ಸಂಜೆಯ ಪೀಕ್ ಹೊತ್ತಿಗೆ ಜಾಸ್ತಿ. ಬೇಳೆ ಒಡೆಯೋದು, ಪಾಲಿಶ್ ಮಾಡೋದು ಹಗಲಲ್ಲೇ ಆಗುವ ಕೆಲಸ. ಸಂಜೆ ಆರರ ಮೇಲೆ ಪ್ಯಾಕಿಂಗ್ ಇಟ್ಟುಕೊಳ್ಳಿ.

ದಾಲ್‌ಮಿಲ್ ಅಕ್ಕ, ಕಲಬುರಗಿ

ಹಾಗಂತ ಬಿಲ್ಲಿನ ಮೇಲೆ ಗೊತ್ತಾಗುವಂತೆ ಬರೆದು ಕೊಟ್ಟರೆ ನಾವು ನಾಳೆಯಿಂದಲೇ ಮಾಡ್ತೀವಿ. ರಾತ್ರಿ ಪಾಳಿಗೆ ಬರೋಕೆ ಹೆಣ್ಣುಮಕ್ಕಳಿಗೂ ಇಷ್ಟ ಇಲ್ಲ.

ಎಲೆಕ್ಟ್ರಿಕಲ್ ಹುಡುಗ, ಬೀದರ್

ಇನ್ನೊಂದು ಕೇಳಬೇಕಿತ್ತು ಸರ್. 2012ರ ಜುಲೈನಲ್ಲಿ ಉತ್ತರ ಭಾರತ ಎರಡು ದಿನ ಕತ್ತಲಾದಾಗ ನಮಗೆ ಏನೂ ಆಗಲಿಲ್ಲ. ಈಗ ಆದರೆ ನಾವೂ ಮುಳುಗ್ತೀವಾ?

ಹಳೇ ಆಪರೇಟರ್, ಕಲಬುರಗಿ

ಆಗ ದಕ್ಷಿಣದ ಗ್ರಿಡ್ ಬೇರೆ ಓಡ್ತಿತ್ತು, ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಲೈನ್‌ಗಳ ಮೂಲಕ ಮಾತ್ರ ನಂಟು. 2013ರ ಡಿಸೆಂಬರ್ 31ಕ್ಕೆ ನಮ್ಮ ಪಕ್ಕದ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕೆವಿ ಲೈನ್ ಹಾಕಿದ ಮೇಲೆ ಇಡೀ ದೇಶ ಒಂದೇ ಫ್ರೀಕ್ವೆನ್ಸಿಗೆ ಬಂತು. ಅಲ್ಲಿನ ಏಟು ಇಲ್ಲಿಗೂ ತಟ್ಟುತ್ತದೆ, ನಿಜ. ಆದರೆ ಇಲ್ಲಿ ಯುನಿಟ್ ಬಿದ್ದಾಗ ಅಲ್ಲಿನ ಎಲ್ಲ ರೋಟರ್‌ಗಳೂ ನಮ್ಮನ್ನು ಹಿಡಿಯುತ್ತವೆ. ರಾಜಸ್ಥಾನದ ಬಿಸಿಲು, ತಮಿಳುನಾಡಿನ ಗಾಳಿ, ಹಿಮಾಚಲದ ನೀರು ಒಂದಕ್ಕೊಂದು ಆಸರೆ ಆಗೋದೂ ಈ ನಂಟಿನಿಂದಲೇ. ನನಗೆ ಕೇಳಿದರೆ ಲಾಭವೇ ಹೆಚ್ಚು.

ಬಿಸಿಲೂರಿನವ, ಕಲಬುರಗಿ

ಸೆಟ್ಟಿಂಗ್ ಬದಲಿಸೋದು ಬೇಡ ಅಂತ ಹೇಳಿಬಿಟ್ಟೆ. ನಮ್ಮ ಟಿಸಿ ಮೇಲಿನ ಸೋಲಾರ್ ಮನೆಯವರೆಲ್ಲ ಸೇರಿ ಒಂದು ಅರ್ಜಿ ಬರೀತಿದ್ದೀವಿ. ಯಾರು ಯಾವ ಫೇಸ್ ಮೇಲೆ, ಟಿಸಿಯಿಂದ ಎಷ್ಟು ದೂರ, ಬೆಳಿಗ್ಗೆ 11, ಮಧ್ಯಾಹ್ನ 1, ರಾತ್ರಿ 10ಕ್ಕೆ ವೋಲ್ಟೇಜ್ ಎಷ್ಟು ಅಂತ. ಸಾಕಾ?

ಪವರ್‌ಮ್ಯಾನ್, ಆಳಂದ ಕಡೆ

ಸಾಕು ಸರ್. ಕಂಬದ ನಂಬರ್, ಟಿಸಿ ನಂಬರ್ ಮರೀಬೇಡಿ. ಟ್ರಿಪ್ ಆದಾಗಿನ ಡಿಸ್‌ಪ್ಲೇ ಫೋಟೋ ಟೈಮ್ ಸಮೇತ ಹಚ್ಚಿ. ಫೇಸ್ ಬದಲಿಸೋದು ಕಂಬದ ಮೇಲೆ ಅರ್ಧ ಗಂಟೆ ಕೆಲಸ, ಕಾಗದದ ಮೇಲೆ ಕಾರಣ ಸ್ಪಷ್ಟ ಇದ್ದರೆ ಬೇಗ ಆಗುತ್ತೆ.

ಭತ್ತದ ಗದ್ದೆ, ಶಹಾಪುರ

ಟೈಮರ್ ವಿಷಯ ನಮ್ಮ ಫೀಡರ್‌ನವರಿಗೆಲ್ಲ ಹೇಳಿದೆ, ಒಪ್ಪಿದ್ದಾರೆ. ಮೋಟಾರಿಗೆ ಕೆಪಾಸಿಟರ್ ಹಾಕಿದರೂ ವೋಲ್ಟೇಜ್ ಸುಧಾರಿಸುತ್ತೆ ಅಂತಾರಲ್ಲ ಸರ್, 5 ಎಚ್‌ಪಿಗೆ ಎಷ್ಟರದ್ದು ಹಾಕಬೇಕು?

ಹಳೇ ಆಪರೇಟರ್, ಕಲಬುರಗಿ

3 ಎಚ್‌ಪಿಗೆ 1 ಕೆವಿಎಆರ್ (ಕೆಪಾಸಿಟರ್ ಅಳತೆ), 5ಕ್ಕೆ 2, ಏಳೂವರೆಗೆ 3, 10ಕ್ಕೆ 4. ಐಎಸ್‌ಐ ಗುರುತು ನೋಡಿ ತಗೊಳ್ಳಿ. ಸ್ಟಾರ್ಟರ್ ದಾಟಿದ ಮೇಲೆ ಮೋಟಾರ್ ಕಡೆಗೆ ಜೋಡಿಸಿ, ಆಗ ಮೋಟಾರ್ ನಿಂತಾಗ ಕೆಪಾಸಿಟರೂ ಲೈನಿನಿಂದ ಬಿಡುತ್ತದೆ. ಮುಟ್ಟುವ ಮೊದಲು ಚಾರ್ಜ್ ಇಳಿಯೋಕೆ ಒಂದೆರಡು ನಿಮಿಷ ಬಿಡಿ, ಸ್ವಿಚ್ ಆಫ್ ಆದ ಮೇಲೂ ಅದು ಹೊಡೆಯುತ್ತದೆ.